ಅಮುಕನಿಗೆ ಇಟ್ಟ ಪಿಂಡ

…ಅಥವಾ ‘ಅಮುಕ’ ಎಂಬ ಆ ಮಾತು ನನಗೆ ಕೇಳಿಸಿದ್ದು ಘಾಟಿನ ಮೆಟ್ಟಿಲ ಮೇಲೆ ಅಲ್ಲವೇ ಅಲ್ಲ, ಅದಾದ ಎಷ್ಟೋ ದಿನಗಳ ಮೇಲೆ, ಆಸ್ಪತ್ರೆಯ ಪರದೆ ಎಳೆದ ಕೋಣೆಯಲ್ಲಿ ಇರಬೇಕು. ನೆನಪು ಅದನ್ನು ಅಲ್ಲಿಂದ ಎತ್ತಿಕೊಂಡು ಬಂದು ನದಿಯ ಪಕ್ಕ ಇಟ್ಟಿರಬಹುದು. ನದಿಯ ಪಕ್ಕ ಇಟ್ಟರೆ ಯಾವುದೂ ಚೆನ್ನಾಗಿಯೇ ಕಾಣುತ್ತದೆ. ಮಂಜು ಇರುತ್ತದೆ, ಮಂಜಿನೊಳಗೆ ಹುಟ್ಟು ನೀರಿಗೆ ಬೀಳುವ ಸದ್ದು ಇರುತ್ತದೆ, ದೋಣಿ ಮಾತ್ರ ಕಾಣುವುದಿಲ್ಲ. ಹಾಗೆ ಚೆನ್ನಾಗಿ ಕಾಣುವ ನೆನಪುಗಳ ಮೇಲೆ ನನಗೆ ಅನುಮಾನ. ಆದರೂ ಕಣ್ಣು ಮುಚ್ಚಿದರೆ ಬರುವುದು ಆ ಬೆಳಗ್ಗೆಯೇ. ಬೇರೆ ಬೆಳಗ್ಗೆ ನನ್ನ ಹತ್ತಿರ ಇಲ್ಲ.

ಆಗ ನಾನು ಕಾಶಿಯಲ್ಲಿ, ಸೋನಾರ್‌ಪುರದ ಒಂದು ಗಲ್ಲಿಯಲ್ಲಿ, ಕನ್ನಡದ ಪುರೋಹಿತರೊಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೆ. ಎರಡು ಸಾವಿರದ ಆ ಮೊದಲ ದಶಕದ ಕೊನೆಯ ವರ್ಷಗಳು. ಕೆಲಸ ಲಂಕಾ ಎಂಬ ಬಡಾವಣೆಯ ಆಚೆ, ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ. ಸಂಶೋಧನೆ ಎಂದು ಹೆಸರು. ಹೆಚ್ಚಿನ ಹೊತ್ತು ನಾನು ಮಾಡುತ್ತಿದ್ದದ್ದು ಬೇರೆ ವಿಭಾಗದವರ ಹಳೆಯ ಉಪಕರಣಗಳನ್ನು ನಮ್ಮ ಕಂಪ್ಯೂಟರುಗಳ ಜೊತೆ ಮಾತಾಡಿಸುವ ಕೆಲಸ. ಸಂಜೆ ಲಂಕಾದಿಂದ ಶೇರ್ ಆಟೋದಲ್ಲಿ ಮೊಣಕಾಲು ಮಡಚಿಕೊಂಡು ಬಂದು, ಗಲ್ಲಿಯ ಬಾಯಲ್ಲಿ ಮಲಗಿರುತ್ತಿದ್ದ ಗೂಳಿಯನ್ನು ಬಳಸಿ ಒಳಗೆ ನಡೆದರೆ ಒಗ್ಗರಣೆಯ ಇಂಗಿನ ವಾಸನೆ ಬರುತ್ತಿತ್ತು. ಆ ವಾಸನೆ ಬಂದ ಕಡೆ ಕನ್ನಡ ಶುರು.

ಪುರೋಹಿತರದು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಸ್ನಾನ, ಶ್ರಾದ್ಧ, ಪಿಂಡ ಮಾಡಿಸುವ ಮನೆತನ. ಅರವತ್ತರ ಹತ್ತಿರದ ವಯಸ್ಸು, ತುಂಬಿದ ಮೈ, ತುಂಬಿದ ದನಿ. ಅವರಿಗೆ ಒಂದು ತೊಂದರೆ ಇತ್ತು. ನಿದ್ದೆ. ಮಾತಿನ ನಡುವೆ, ಊಟದ ನಡುವೆ, ನಿಂತಲ್ಲಿ, ಕೂತಲ್ಲಿ ಅವರು ನಿದ್ದೆಗೆ ಜಾರಿಬಿಡುತ್ತಿದ್ದರು. ಗೊರಕೆಯಿಲ್ಲ, ತೂಕಡಿಕೆಯಿಲ್ಲ. ಕಣ್ಣು ಅರೆ ತೆರೆದೇ ಇರುತ್ತಿತ್ತು. ಒಳಗಿದ್ದವರು ಎದ್ದುಹೋಗಿ ಬಾಗಿಲು ಹಾಗೇ ಬಿಟ್ಟಂತೆ. ಒಂದೆರಡು ನಿಮಿಷಕ್ಕೆ ಮತ್ತೆ ಬರುವರು.

“ಬಚಪನ್‌ನಿಂದ ಹೀಗೇ ಅಂತೆ,” ಎನ್ನುತ್ತಿದ್ದರು ಅವರ ಹೆಂಡತಿ. ಅವರು ಕಾಶಿಯಲ್ಲೇ ಹುಟ್ಟಿ ಬೆಳೆದವರು, ನಾನು ಅಮ್ಮ ಎಂದು ಕರೆಯುತ್ತಿದ್ದೆ. “ಪಾಠಶಾಲೆಯಲ್ಲಿ ನಿದ್ದೆ ಹೊಡೆದಿದ್ದಕ್ಕೆ ತಿಂದ ಬೆತ್ತದ ಏಟು, ಮಂತ್ರಕ್ಕಿಂತ ಜಾಸ್ತಿ ನೆನಪಿದೆ ಇವರಿಗೆ. ಈಗ ನೋಡಪ್ಪ, ಚುಲ್ಲು ತುಂಬ ಗಂಗೆ ಹಿಡ್ಕೊಂಡೇ ಮಲಗಿಬಿಡ್ತಾರೆ.” ಬೊಗಸೆ ಮಾಡಿ ತೋರಿಸುತ್ತಿದ್ದರು. ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಆ ಬೊಗಸೆ ಸ್ವಲ್ಪ ಹೊತ್ತು ಹಾಗೇ ಇರುತ್ತಿತ್ತು.

ಆ ಬೆಳಗ್ಗೆ ನಾನು ಅವರ ಜೊತೆ ಘಾಟಿಗೆ ಹೋಗಿದ್ದು ಅಮ್ಮ ಹೇಳಿದ್ದಕ್ಕೆ. ಮೆಟ್ಟಿಲು ಪಾಚಿಗಟ್ಟಿತ್ತು, ಪಕ್ಕದಲ್ಲಿ ಯಾರಾದರೂ ಇರಲಿ ಎಂದು. ಯಾತ್ರಿಕರು ಚಿತ್ರದುರ್ಗದ ಕಡೆಯ ಒಬ್ಬ ಬಸ್ ಕಂಡಕ್ಟರ್. ತೀರಿಕೊಂಡ ತಂದೆಗೆ ಪಿಂಡ ಇಡಲು ಬಂದಿದ್ದರು. ಪುರೋಹಿತರು ಹೇಳಿದ್ದನ್ನು ಅವರು ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುವಂತೆ ತಿರುಗಿ ಹೇಳುತ್ತಿದ್ದರು.

ಸಂಕಲ್ಪ ಎಂದರೆ ಒಂದು ಬಗೆಯಲ್ಲಿ ವಿಳಾಸ ಹೇಳಿಕೊಳ್ಳುವುದು. ಇಷ್ಟು ದೊಡ್ಡ ಕಾಲದಲ್ಲಿ ಯಾವ ದಿನ, ಇಷ್ಟು ದೊಡ್ಡ ಭೂಮಿಯಲ್ಲಿ ಯಾವ ನದಿಯ ಯಾವ ದಡ, ಯಾವ ಗೋತ್ರ, ಯಾವ ಹೆಸರು. ದೊಡ್ಡದರಿಂದ ಸಣ್ಣದಕ್ಕೆ ಇಳಿದು ಇಳಿದು ಕೊನೆಗೆ ಒಬ್ಬನೇ ಒಬ್ಬ ಮನುಷ್ಯನ ಮೇಲೆ ಬಂದು ನಿಲ್ಲುತ್ತದೆ. ಪಾಠಶಾಲೆಯಲ್ಲಿ ಕಲಿಯುವಾಗ ಆ ಮನುಷ್ಯ ಎದುರಿಗೆ ಇರುವುದಿಲ್ಲ. ಆದ್ದರಿಂದ ಪಾಠದಲ್ಲಿ ಹೆಸರಿನ ಜಾಗಕ್ಕೆ ‘ಅಮುಕ’ ಎಂದಿರುತ್ತದೆ. ಇಂಥವನು ಎಂದು. ಅಮುಕ ಗೋತ್ರ, ಅಮುಕ ಹೆಸರು. ಬಾಯಿಪಾಠ ಅದರ ಸಮೇತವೇ ಆಗುತ್ತದೆ. ಮುಂದೆ ಕೆಲಸ ಮಾಡಿಸುವಾಗ ಅಮುಕ ಬಂದ ಕಡೆಯೆಲ್ಲ ಸತ್ತವರ ನಿಜವಾದ ಹೆಸರು ಇಟ್ಟುಕೊಂಡು ಹೋಗಬೇಕು. ಇದನ್ನೆಲ್ಲ ಅವರೇ ನನಗೆ ಹೇಳಿಕೊಟ್ಟಿದ್ದರು.

ಪುರೋಹಿತರ ದನಿ ಭಾಗೀರಥಿಯ ಪಶ್ಚಿಮ ದಡಕ್ಕೆ ಬಂತು. ಅಲ್ಲಿ ಒಂದು ಚೂರು ತೆಳುವಾಯಿತು. ನಿಲ್ಲಲಿಲ್ಲ. ಹರಿದುಕೊಂಡು ಮುಂದೆ ಹೋಯಿತು. ಕಂಡಕ್ಟರ್ ಬಲಗೈಯ ದರ್ಭೆಯ ಪವಿತ್ರ ನೋಡಿಕೊಂಡು, ಗಟ್ಟಿಯಾಗಿ, ಶ್ರದ್ಧೆಯಿಂದ ತಿರುಗಿ ಹೇಳಿದರು: “ಅಮುಕ ಗೋತ್ರ, ಅಮುಕ ಹೆಸರು.”

ಹೇಳಿದರು ಎಂದು ಬರೆದೆ. ಬರೆದ ಕೂಡಲೇ ಅದು ನಿಜದಂತೆ ಕಾಣತೊಡಗುತ್ತದೆ. ಕೆಲಸ ಸಂಸ್ಕೃತದಲ್ಲಿ ನಡೆಯುತ್ತಿತ್ತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಲ್ಲಿಗೇ ಒಂದು ಪದರ ಕಳಚಿಹೋಯಿತು. ಅಷ್ಟು ದೊಡ್ಡ ದನಿಯಲ್ಲಿ ಹೇಳಿದ್ದರೆ ಪಕ್ಕದ ಮೆಟ್ಟಿಲಿನ ಇನ್ನೊಬ್ಬ ಪುರೋಹಿತರಿಗೆ ಕೇಳಿಸಬೇಕಿತ್ತು. ಅವರು ತಿರುಗಿ ನೋಡಿದ ನೆನಪು ನನಗಿಲ್ಲ.

ಕೆಲಸ ಮುಗಿಯಿತು. ಕಂಡಕ್ಟರ್ ಕಣ್ಣೊರೆಸಿಕೊಂಡು, ಕಾಲಿಗೆ ನಮಸ್ಕಾರ ಮಾಡಿ, ಅಸ್ಸಿ ಘಾಟಿನ ಕಡೆ ದೋಣಿ ಮಾಡಿಕೊಂಡು ಹೋದರು. ಮುಖ ಹಗುರವಾಗಿತ್ತು. ಗಲ್ಲಿಯ ತಿರುವಿನ ಚಹಾದ ಅಂಗಡಿಯ ಮುಂದೆ ಪುರೋಹಿತರು ನಿಂತರು.

“ನೀವು ಅಲ್ಲೇ ಕೂತಿದ್ರಲ್ಲ. ನಾನು ಎಲ್ಲಿ ಹೋದೆ?”

“ಎಲ್ಲೂ ಹೋಗಲಿಲ್ಲ, ಶಾಸ್ತ್ರಿಗಳೇ. ಹೇಳ್ತಾನೇ ಇದ್ರಿ.”

“ಹೋದೆ, ಸ್ವಾಮಿ. ದಡದವರೆಗೆ ಇದ್ದೆ. ಆಮೇಲೆ ಎಚ್ಚರ ಆಗಿದ್ದು ಕೈಮೇಲೆ ತಿಲೋದಕ ಬಿದ್ದಾಗ. ನಡುವೆ ಹೆಸರು ಬಂತಾ, ಇಲ್ವಾ?”

ನಾನು ಏನೋ ಹೇಳಿದೆ. ಏನು ಹೇಳಿದೆ ಎಂಬಲ್ಲಿಗೆ ಕೊನೆಗೆ ಬರುತ್ತೇನೆ.

ಅವರು ಚಹಾ ಕುಡಿಯಲಿಲ್ಲ. ಮಣ್ಣಿನ ಕುಡಿಕೆ ಕೈಯಲ್ಲೇ ಆರಿತು. ಮನೆಗೆ ನಡೆಯುವಾಗ ಅವರು ಹೇಳಿದ್ದು ಇಷ್ಟು: ದನಿ ನಿಲ್ಲಿಸಿ ಮಲಗಿದರೆ ಜನ ನಗುತ್ತಾರೆ, ಅದು ಪರವಾಗಿಲ್ಲ. ದನಿ ನಿಲ್ಲದೆ ಮಲಗಿದರೆ? ಹೆಸರಿಲ್ಲದೆ ಬಿಟ್ಟ ಪಿಂಡ ಯಾರಿಗೆ ಹೋಗಿ ಸೇರುತ್ತದೆ? ಇವತ್ತು ಒಬ್ಬರದು. ಹಿಂದೆ? “ಹೆಸರು ಬಂದಿಲ್ಲ ಅಂತಾದ್ರೆ ಆ ಮಹರಾಯರನ್ನ ವಾಪಸ್ ಕರೆಸಿ ಮತ್ತೆ ಮಾಡಿಸ್ಬೇಕು. ಬಂದಿದೆ ಅಂತಾದ್ರೆ ಸಮಾಧಾನವಾಗಿ ಹೋದವರನ್ನ ಕೆಣಕಬಾರ್ದು. ಎರಡರಲ್ಲಿ ಯಾವ್ದು ಅಂತ ಗೊತ್ತಾಗ್ಬೇಕು ನಂಗೆ. ನಾನು ಎಲ್ಲಿ ಹೋಗ್ತೀನಿ ಅಂತ ಗೊತ್ತಾಗ್ಬೇಕು.”

ಭಾನುವಾರಗಳಂದು ಆ ಮನೆಗೆ ಊಟಕ್ಕೆ ಇನ್ನಿಬ್ಬರು ಬರುತ್ತಿದ್ದರು. ಒಬ್ಬರು ಮೈಸೂರಿನ ವೈದ್ಯೆ, ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಿದ್ದೆಯ ಬಗ್ಗೆಯೇ ಕೆಲಸ ಮಾಡುತ್ತಿದ್ದವರು. ಇನ್ನೊಬ್ಬರು ಧಾರವಾಡದವರು, ನಮ್ಮ ವಿಭಾಗದ ಕಂಪ್ಯೂಟರುಗಳೆಲ್ಲ ಅವರ ಉಸ್ತುವಾರಿ. ವೈದ್ಯೆ ವಿಷಯ ಕೇಳಿದವರೇ ಪುರೋಹಿತರಿಗೆ ಮಧ್ಯಾಹ್ನ ಆಸ್ಪತ್ರೆಗೆ ಬಂದು ಮಲಗಲು ಹೇಳಿದರು. ಪುರೋಹಿತರು ಬಹಳ ಹೊತ್ತು ಅವರ ಮುಖ ನೋಡಿದರು. ಮಲಗಿ ಎಂದು ಯಾರೂ ಅವರಿಗೆ ಹೇಳಿದ್ದೇ ಇಲ್ಲವಂತೆ.

ಅಲ್ಲಿನ ಉಪಕರಣ ನಮ್ಮ ವಿಭಾಗದ ಕಂಪ್ಯೂಟರಿಗೆ ಜೋಡಿಸಿದ್ದರಿಂದ ನಾನೂ ಹೋಗಿದ್ದೆ. ಆ ಕೋಣೆ ನನಗೆ ನೀಲಿಯಾಗಿ ನೆನಪಿದೆ. ಪರದೆ ನೀಲಿ ಇದ್ದಿರಬೇಕು, ಅಥವಾ ಕಂಪ್ಯೂಟರಿನ ಬೆಳಕು. ಹೊರಗೆ ಹಬೆಯಂಥ ಮಧ್ಯಾಹ್ನ, ಒಳಗೆ ಕೂಲರಿನ ಹುಲ್ಲಿನ ವಾಸನೆ. ತಲೆಗೆ ತಂತಿ ಅಂಟಿಸಬೇಕೆಂದರೆ ಜುಟ್ಟು ಅಡ್ಡ ಬಂತು.

“ಬಿಚ್ಚಬೇಕಾಗತ್ತೆ, ಶಾಸ್ತ್ರಿಗಳೇ.”

“ಜುಟ್ಟು ಬಿಚ್ಕೊಂಡು ಮಲಗೋದು ಶುಭ ಅಲ್ಲ, ಡಾಕ್ಟ್ರಮ್ಮ.”

“ಈ ತಂತಿಗಳನ್ನೇ ಗಂಟು ಹಾಕಿರ್ತೀನಿ. ಜುಟ್ಟಿಗಿಂತ ಗಟ್ಟಿ.”

ಅವರು ಮಲಗಿದರು. ಕಂಪ್ಯೂಟರಿನ ಪರದೆಯ ಮೇಲೆ ಮಿದುಳಿನ ಅಲೆಗಳು ಹೊರಟವು, ವೈದ್ಯೆಯೂ ನಾನೂ ನೋಡುತ್ತ ಕೂತೆವು. ಅವರ ಉಸಿರು ನಿಧಾನವಾಯಿತು, ಅಲೆಗಳ ಆಕಾರ ಬದಲಾಗುವಂತೆ ಕಂಡಿತು, ಅಷ್ಟರಲ್ಲಿ ಪರದೆ ಇದ್ದಲ್ಲೇ ಹೆಪ್ಪುಗಟ್ಟಿತು. ಕೀಲಿಮಣೆ ಒತ್ತಿದರೆ ಉತ್ತರವಿಲ್ಲ. ಯಂತ್ರ ಸತ್ತಿತ್ತು.

“ಅಯ್ಯೋ, ನಿಂತ್ಹೋಯ್ತಲ್ರೀ!” ಎಂದರು ವೈದ್ಯೆ. ಆ ಸದ್ದಿಗೆ ಪುರೋಹಿತರು ಎದ್ದರು. “ನಾನಾ, ಅದಾ?” ಎಂದು ಕೇಳಿದರು.

ಮರುದಿನವೂ ಹಾಗೇ. ಅವರು ನಿದ್ದೆಗೆ ಜಾರುವ ಗಳಿಗೆಗೆ ಸರಿಯಾಗಿ ಯಂತ್ರವೂ ಜಾರುತ್ತಿತ್ತು. ಮೂರನೆಯ ಮಧ್ಯಾಹ್ನ, ಬೇರೆಯವರು ಮಲಗಿದರೂ ಹೀಗಾಗುತ್ತದೆಯೇ ಎಂದು ನೋಡಲು, ತಂತಿ ಹಾಕಿಸಿಕೊಂಡು ನಾನು ಮಲಗಿದೆ. ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಬಿದ್ದಿದ್ದೆ, ಯಂತ್ರ ಸಂಜೆಯವರೆಗೂ ಆರೋಗ್ಯವಾಗಿ ನಡೆಯಿತು. ಎಚ್ಚರವಿದ್ದವರ ಮುಂದೆ ಎಚ್ಚರ, ಮಲಗಿದವರ ಮುಂದೆ ಸಾವು. ಈ ಹೋಲಿಕೆ ಎಷ್ಟು ಅಚ್ಚುಕಟ್ಟಾಗಿದೆ ಎಂದರೆ ನಾನೇ ಕಟ್ಟಿದ್ದು ಅನ್ನಿಸುತ್ತದೆ. ಆದರೆ ಇದು ಮಾತ್ರ ನಿಜ. ಕಾರಣವೂ ಆಮೇಲೆ ಸಿಕ್ಕಿತು.

ಕಾರಣ ಹುಡುಕುವುದು ಹೇಗೆಂದರೆ, ಕಂಪ್ಯೂಟರಿನ ನಡುಮನೆಯಲ್ಲಿ ಕರ್ನಲ್ ಎಂಬ ಭಾಗ ಕೂತಿರುತ್ತದೆ. ಯಾವ ಕೆಲಸಕ್ಕೆ ಯಾವಾಗ ಏನು ಸಿಗಬೇಕು ಎಂದು ನೋಡಿಕೊಳ್ಳುವುದು ಅದು. ನೋಡಿಕೊಳ್ಳುತ್ತಲೇ ಸಣ್ಣ ದನಿಯಲ್ಲಿ ಗೊಣಗುತ್ತಿರುತ್ತದೆ. ಇದು ಬಂತು, ಅದು ಹೋಯಿತು, ಇಲ್ಲಿ ತಡೆಯಿತು. ಆ ಗೊಣಗಾಟ ಸಾಲುಸಾಲಾಗಿ ಉಳಿದಿರುತ್ತದೆ, ಬೇಕಾದವರು ತೆಗೆದು ಓದಬಹುದು. ಎಡವಿ ಬಿದ್ದರೆ, ಬೀಳುವ ಮುಂಚೆ, ತನ್ನ ನೆನಪಿನ ಯಾವ ಜಾಗದಲ್ಲಿ ಬಿದ್ದೆ ಎಂಬ ವಿಳಾಸ ಹೇಳಿ ಬೀಳುತ್ತದೆ. ಅಂಕಿ ಅಕ್ಷರ ಕಲಸಿದ ಉದ್ದನೆಯ ವಿಳಾಸ. ಅದು ಸಿಕ್ಕರೆ ತಪ್ಪು ಇರುವ ಸಾಲಿಗೆ ನೇರ ಹೋಗಬಹುದು.

ನಾನು ಓದಿದೆ. ವಿಳಾಸ ಇರಬೇಕಾದ ಕಡೆಯೆಲ್ಲ ಸೊನ್ನೆ ಇತ್ತು. ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ. ಕೆಳಗಿನ ಸಾಲಿನಲ್ಲೂ ಅಷ್ಟೇ. ಅದರ ಕೆಳಗೂ. ವಿಳಾಸದ ಪಕ್ಕದಲ್ಲಿ ಬರಬೇಕಿದ್ದ ಕೆಲಸದ ಹೆಸರೂ ಇರಲಿಲ್ಲ. ಇಂಥಲ್ಲಿಂದ ಇಂಥಲ್ಲಿಗೆ ಬಂದು ಇಂಥಲ್ಲಿ ಬಿದ್ದೆ ಎಂದು ಕರ್ನಲ್ ಬಹಳ ವಿಧೇಯವಾಗಿ ಹೇಳಿತ್ತು, ಯಾವುದೂ ಯಾವುದೆಂದು ಹೇಳದೆ.

ಸೊನ್ನೆ ಹಾಕಿಸಿದವರು ಧಾರವಾಡದವರು. ಅದಕ್ಕೂ ಹಿಂದಿನ ವರ್ಷ ಹಾಸ್ಟೆಲಿನ ಯಾರೋ ವಿದ್ಯಾರ್ಥಿ ಆ ವಿಳಾಸಗಳನ್ನು ಓದಿಕೊಂಡು, ಕರ್ನಲ್ಲಿನ ಯಾವ ಕೆಲಸ ಎಲ್ಲಿ ಕೂತಿದೆ ಎಂದು ತಿಳಿದುಕೊಂಡು, ಸರಿಯಾಗಿ ಅಲ್ಲಿಗೇ ಗುರಿಯಿಟ್ಟು ತನ್ನ ಪ್ರೋಗ್ರಾಮಿನ ಸಾಲುಗಳನ್ನು ಒಳಗೆ ತುರುಕಿದ್ದ. ಬೆಳಗಾಗುವಷ್ಟರಲ್ಲಿ ವಿಭಾಗದ ಎಲ್ಲ ಯಂತ್ರಗಳೂ ಅವನ ಮಾತು ಕೇಳುತ್ತಿದ್ದವು. ಅವನು ಮಾಡಿದ್ದು ಇಷ್ಟೇ, ಎಲ್ಲರ ಪರದೆಯ ಮೇಲೂ ಒಂದು ಗೂಳಿಯ ಚಿತ್ರ ಬಿಟ್ಟ. ಅಂದಿನಿಂದ ಧಾರವಾಡದವರು ತಮ್ಮ ಉಸ್ತುವಾರಿಯ ಎಲ್ಲ ಯಂತ್ರಗಳ ಕರ್ನಲ್ ತಿದ್ದಿ, ವಿಳಾಸ ಹೊರಗೆ ಬರುವ ಕಡೆಯೆಲ್ಲ ಸೊನ್ನೆ ಬರುವಂತೆ ಮಾಡಿದ್ದರು. ಆಸ್ಪತ್ರೆಗೆ ಎರವಲು ಕೊಟ್ಟ ಯಂತ್ರವೂ ಅವುಗಳಲ್ಲಿ ಒಂದು.

ಆ ಭಾನುವಾರ ಊಟಕ್ಕೆ ಕೂತಾಗ ನಾನು ಕೇಳಿದೆ. ನಾವು ನಾಲ್ವರೂ ಸಾಲಾಗಿ ಕೂತಿದ್ದೆವು, ಅಮ್ಮ ಬಡಿಸುತ್ತಿದ್ದರು.

“ನಮಗಾದರೂ ತೋರಿಸೋ ಹಾಗೆ ಮಾಡಿ. ನಾವೇನು ಕಳ್ಳರಾ?”

“ಹಂಗಲ್ರೀ. ನೀವು ಬಂದು ಕೇಳಿದಾಗ ಹೇಳೂದಾದ್ರ, ಇವರು ಯಾರು ಅಂತ ಮುಖಾ ನೋಡಿ ಹೇಳಬಹುದು. ಇದು ಬೀಳೂಮುಂದ ಒದರತದ. ಒದರೂಮುಂದ, ಮುಂದ ಇದನ್ನ ಓದವರು ಯಾರು ಅಂತ ಅದಕ್ಕ ಗೊತ್ತಿರಂಗಿಲ್ಲ. ಅದಕ್ಕ ಎಲ್ಲಾರಿಗೂ ಸೊನ್ನಿ.”

ಈ ಮಾತು ನನ್ನೊಳಗೆ ಇಂದಿಗೂ ಕೂತಿದೆ. ಬರೆಯುವ ಹೊತ್ತಿಗೆ ಓದುವವರು ಯಾರೆಂದು ಗೊತ್ತಿರುವುದಿಲ್ಲ. ಈ ಪುಟಗಳಲ್ಲಿ ನಾನು ಯಾರ ಹೆಸರನ್ನೂ ಬರೆಯದೆ ಇರುವುದಕ್ಕೆ ಅದೂ ಒಂದು ಕಾರಣ.

“ವಿಳಾಸ ಹೇಳಿದ್ರೆ ಏನಾಗತ್ತೆ?” ಎಂದು ವೈದ್ಯೆ ಕೇಳಿದರು. ಉತ್ತರ ಕೊಟ್ಟವರು ಅಮ್ಮ, ಸಾರಿನ ಸೌಟು ಹಿಡಿದುಕೊಂಡೇ.

“ಏನಾಗತ್ತಾ? ಸ್ಟೇಷನ್ನಿಗೆ ಹೋಗಿ ನೋಡಮ್ಮ. ರೈಲು ಇಳಿದ ಕೂಡ್ಲೇ ದಲಾಲ್‌ಗಳು ಬರ್ತಾರೆ, ಏನೂ ಕೇಳಲ್ಲ, ‘ಯಾವ ಊರು’ ಅಂತಾರೆ ಅಷ್ಟೆ. ಪಾಪ, ಯಾತ್ರೆಯವರು ‘ದಾವಣಗೆರೆ’ ಅಂದ್ರು ಅನ್ನು. ಬಸ್, ಅಷ್ಟೇ ಸಾಕು. ‘ಅರೆ, ದಾವಣಗೆರೆಯವರ ಪುರೋಹಿತರು ನಾವೇ ಅಲ್ವಾ, ನಿಮ್ಮ ತಾತನೂ ನಮ್ಮಲ್ಲೇ ಇಳಿದಿದ್ರು’ ಅಂತ ಪೆಟ್ಟಿಗೆ ಎತ್ಕೊಂಡು ನಡೆದೇಬಿಡ್ತಾರೆ. ಅದಕ್ಕೇ ಇವರು ಫೋನಿನಲ್ಲೇ ಎಲ್ಲರಿಗೂ ಹೇಳಿರ್ತಾರೆ, ಇಳಿದ ಮೇಲೆ ಬಾಯಿ ಬಿಡ್ಬೇಡಿ, ಊರು ಹೇಳ್ಬೇಡಿ ಅಂತ.”

“ನೋಡ್ರಿ, ಅಮ್ಮಾರಿಗೆ ತಿಳೀತು,” ಎಂದರು ಧಾರವಾಡದವರು. “ನಿಮಗ ತಿಳೀವಲ್ದು.”

“ಆದ್ರೆ ನಮ್ಮ ಮನೆ ಬಾಗಿಲಿಗೆ ಬಂದ ಮೇಲೂ ಊರು ಹೇಳದೆ ನಿಂತ್ಕೊಂಡ್ರೆ?” ಎಂದರು ಅಮ್ಮ. “ಇಲ್ಲಿ ಹೇಳ್ಬೇಕಪ್ಪ. ಇಲ್ಲಿ ಹೇಳದಿದ್ರೆ ಶ್ರಾದ್ಧ ಯಾರದು ಅಂತ ಮಾಡ್ಸೋದು?”

ಧಾರವಾಡದವರು ನಕ್ಕು ಪುರೋಹಿತರ ಕಡೆ ತಿರುಗಿದರು, ಒಂದು ಮಾತು ಸೇರಿಸಲಿ ಎಂದು. ಪುರೋಹಿತರ ಬಲಗೈ ಸಾರನ್ನದಲ್ಲಿತ್ತು. ತುತ್ತು ಕಲಸುವ ಬೆರಳು ಇನ್ನೂ ನಿಧಾನವಾಗಿ ಆಡುತ್ತಿತ್ತು. ಅವರು ಅಲ್ಲಿರಲಿಲ್ಲ. ಬೆರಳು ಅನ್ನವನ್ನು ಸಾರಿನಲ್ಲಿ ಹೊರಳಿಸಿ ಹೊರಳಿಸಿ ಉಂಡೆ ಮಾಡಿತು. ಅದನ್ನು ಬಾಯಿಗೆ ಒಯ್ಯಲಿಲ್ಲ. ತಟ್ಟೆಯ ಅಂಚಿಗೆ ಮೆಲ್ಲಗೆ ಇಟ್ಟಿತು. ಇನ್ನೊಂದನ್ನು ಕಟ್ಟತೊಡಗಿತು.

ಮೇಲಿನ ತಂತಿಯ ಮೇಲೆ ಮಂಗ ಒಂದು ಹಾದುಹೋದ ಸದ್ದು ಇತ್ತು. ಇರಬೇಕು. ಅಮ್ಮ ಬಗ್ಗಿ ಆ ಉಂಡೆಯನ್ನು ತೆಗೆದು ತಮ್ಮ ಸೆರಗಿನ ಮರೆಗೆ ಇಟ್ಟುಕೊಂಡರು.

“ನಾಳೆ ಆ ಮಷೀನಿಗೆ ಬರೂ ನೆಟ್‌ವರ್ಕ್ ಕೇಬಲ್ ಎಲ್ಲಾ ಕಿತ್ತು ಇಡ್ರಿ,” ಎಂದರು ಧಾರವಾಡದವರು. “ಹೊರಗಿಂದ ಒಬ್ಬರೂ ಒಳಗ ಬರಬಾರದು. ಅದೊಂದರಾಗ ಮಾತ್ರ ಸೊನ್ನಿ ತೆಗದು ಕೊಡ್ತೀನಿ. ಕೆಲಸಾ ಮುಗದ ಕೂಡಲೇ ವಾಪಸ್ ಹಾಕ್ತೀನಿ, ಆಮ್ಯಾಲೆ ಜಗಳಾ ಮಾಡಬ್ಯಾಡ್ರಿ.”

ಹಾಗೇ ಆಯಿತು. ಪುರೋಹಿತರು ಮತ್ತೆ ಮಲಗಿದರು, ಯಂತ್ರ ಮತ್ತೆ ಬಿತ್ತು. ಈ ಸಲ ಪೂರ್ತಿ ವಿಳಾಸ ಹೇಳಿ ಬಿತ್ತು. ಆ ವಿಳಾಸದ ಹಿಂದೆ ಹೋದರೆ ಸಿಕ್ಕಿದ್ದು, ನಮಗಿಂತ ಮುಂಚೆ ಇದ್ದು ಬಿಟ್ಟುಹೋದ ಯಾರೋ ಬರೆದ, ಗುರುತು ಹಾಕುವ ಗುಂಡಿಗೆ ಸಂಬಂಧಿಸಿದ ನಾಲ್ಕೈದು ಸಾಲು.

“ಗುರುತಿನ ಗುಂಡಿ ಯಾವುದು?” ಎಂದು ವೈದ್ಯೆಯನ್ನು ಕೇಳಿದೆ.

ಅವರು ಮೇಜಿನ ಅಂಚಿನಲ್ಲಿದ್ದ ಕೆಂಪು ಗುಂಡಿ ತೋರಿಸಿದರು. “ಇದು. ನಿದ್ದೆ ಬಂತು ಅಂತ ನನಗೆ ಅನ್ನಿಸಿದ ಕೂಡಲೇ ಒತ್ತುತೀನಿ. ಅಲ್ಲಿ ಗೆರೆ ಬೀಳಲಿ ಅಂತ.”

“ನಾನು ಮಲಗಿದಾಗ?”

“ನೀವೆಲ್ಲಿ ಮಲಗಿದ್ರಿ? ಸುಳ್ಳು ನಿದ್ದೆ ಮಾಡ್ತಿದ್ರಿ. ನಾನು ಒತ್ತಲೇ ಇಲ್ಲ.”

ಅಷ್ಟೇ. ಯಾವ ಮಾಯೆಯೂ ಇರಲಿಲ್ಲ. ನಿದ್ದೆ ಬಂತು ಎಂದು ಒಬ್ಬರು ಗುರುತು ಹಾಕಲು ಹೋದಾಗ, ಆ ಗುರುತು ತನ್ನದಲ್ಲದ ಜಾಗದ ಮೇಲೆ ಬಿದ್ದು ಕರ್ನಲ್ ಮುಗ್ಗರಿಸುತ್ತಿತ್ತು. ಅದನ್ನು ತಿದ್ದಿದೆ. ಧಾರವಾಡದವರು ಅಂದು ಸಂಜೆಯೇ ಬಂದು ಸೊನ್ನೆಗಳನ್ನು ಮೊದಲಿನಂತೆ ಹಾಕಿ ಹೋದರು. ವಿಳಾಸ ಹಾಗೆ ಮುಚ್ಚಿಡುವುದು ಈಗ ಎಲ್ಲ ಕಡೆಯೂ ಸಾಮಾನ್ಯವಂತೆ.

ಮುಂದಿನ ಮಧ್ಯಾಹ್ನ ಯಂತ್ರ ನಿಲ್ಲಲಿಲ್ಲ. ಪುರೋಹಿತರು ಕಣ್ಣು ಮುಚ್ಚಿದರು, ವೈದ್ಯೆ ಗುಂಡಿ ಒತ್ತಿದರು, ಗೆರೆ ಬಿತ್ತು, ಅಲೆಗಳು ಹೋಗುತ್ತಲೇ ಇದ್ದವು. ಸ್ವಲ್ಪ ಹೊತ್ತಿಗೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಅತ್ತಿತ್ತ ಓಡತೊಡಗಿದವು.

“ನೋಡ್ರೀ ಇಲ್ಲಿ,” ಎಂದು ವೈದ್ಯೆ ಪಿಸುಗುಟ್ಟಿದರು. “ನಾವೆಲ್ಲ ಜಗಲಿ ಹತ್ತಿ, ಪಡಸಾಲೆ ದಾಟಿ, ಎಷ್ಟೋ ಹೊತ್ತಾದ ಮೇಲೆ ಕನಸಿನ ಕೋಣೆಗೆ ಹೋಗ್ತೀವಿ. ಇವರು ಬೀದಿಯಿಂದ ಸೀದಾ ಒಳಗೆ. ಇದು ಸೋಮಾರಿತನ ಅಲ್ಲ, ಕಾಯಿಲೆ. ಹುಡುಗನಾಗಿದ್ದಾಗಿಂದ ಇದ್ದಿರತ್ತೆ. ಸುಮ್ಮನೆ ಹೊಡೆದಿದ್ದಾರೆ ಪಾಪ.”

ಆಗ ಪುರೋಹಿತರ ತುಟಿ ಅಲುಗಿತು. ದನಿ ಬಂತು. ಬಹಳ ದೂರದಿಂದ, ಆದರೆ ಎಲ್ಲ ಅಕ್ಷರವೂ ಸ್ಪಷ್ಟ. ಕಾಲ ಹೇಳಿದರು, ಭೂಮಿ ಹೇಳಿದರು, ನದಿ ಹೇಳಿದರು, ದಡಕ್ಕೆ ಬಂದರು. ಬಂದು, ಒಂದು ಚೂರೂ ತಡೆಯದೆ, ಅಮುಕ ಗೋತ್ರ, ಅಮುಕ ಹೆಸರು ಎಂದು ಮುಂದೆ ಹೋದರು. ಮಲಗಿದ್ದವರು ಅರವತ್ತರವರು, ಹೇಳುತ್ತಿದ್ದದ್ದು ಪಾಠಶಾಲೆಯ ಪಾಠ, ಬೆತ್ತದ ಕಡೆ ಒಂದು ಕಣ್ಣಿಟ್ಟು ಕಲಿತ ಹಾಗೆಯೇ, ಹೆಸರಿನ ಜಾಗ ಇನ್ನೂ ಖಾಲಿ ಇರುವಾಗಿನದು. ವೈದ್ಯೆಗೆ ಆ ಪದ ಏನೆಂದು ಗೊತ್ತಿರಲಿಲ್ಲ. ಅವರು ಅಲೆ ನೋಡುತ್ತಿದ್ದರು. ಯಂತ್ರಕ್ಕೆ ಅಲೆ ಮಾತ್ರ ಬರೆದುಕೊಳ್ಳಲು ಗೊತ್ತಿತ್ತು, ದನಿಯಲ್ಲ. ಕೇಳಿದವನು ನಾನೊಬ್ಬನೇ.

ಎದ್ದ ಮೇಲೆ ಅವರಿಗೆ ನಾನು ಅದನ್ನು ಹೇಳಿದೆ. ಅದು ಖಚಿತ. ಏಕೆಂದರೆ ಅವರು ಆಮೇಲೆ ಕೆಲಸದ ರೀತಿಯನ್ನೇ ಬದಲಿಸಿದರು. ವೈದ್ಯೆ ಮಾತ್ರೆ ಕೊಟ್ಟರು, ಘಾಟಿಗೆ ಹೋಗುವ ಮುಂಚೆ ಸ್ವಲ್ಪ ಹೊತ್ತು ಮಲಗಲೇಬೇಕು ಎಂದು ಬರೆದುಕೊಟ್ಟರು. (“ನಿದ್ದೆಗೂ ಡಾಕ್ಟರ್ ಚೀಟಿ ತಂದಿದಾರೆ ಮಹರಾಜರು,” ಎಂದು ಅಮ್ಮ ಗಲ್ಲಿಗೆಲ್ಲ ಹೇಳಿಕೊಂಡು ಬಂದರು.) ಸಂಕಲ್ಪದಲ್ಲಿ ಹೆಸರು ಬರುವ ಜಾಗಕ್ಕೆ ಬಂದಾಗ ಪುರೋಹಿತರು ಬಾಯಿ ಮುಚ್ಚಿ ನಿಂತುಬಿಡುತ್ತಿದ್ದರು. ಯಾತ್ರಿಕರೇ ತಮ್ಮ ತಂದೆಯ, ತಾಯಿಯ ಹೆಸರನ್ನು ತಮ್ಮ ಬಾಯಲ್ಲೇ ಹೇಳಬೇಕು. ಹೇಳಿದ ಮೇಲೆಯೇ ಮುಂದಿನ ಮಾತು. ಪಕ್ಕದ ಮೆಟ್ಟಿಲಿನವರು ಹಂಗಿಸುತ್ತಿದ್ದರು: “ಅರೆ ಪಂಡಿತ್‌ಜೀ, ಮಂತ್ರ ಎಲ್ಲ ಜಜಮಾನರ ಕೈಲೇ ಹೇಳಿಸೋದಾದ್ರೆ ದಕ್ಷಿಣೆನೂ ಅವರಿಗೇ ಕೊಟ್ಟುಬಿಡಿ!” ಪುರೋಹಿತರು ಯಾತ್ರಿಕರ ಬಾಯನ್ನೇ ನೋಡುತ್ತ ಕಾಯುತ್ತಿದ್ದರು. ಆ ಮೌನದಲ್ಲಿ ಒಬ್ಬ ಹೆಂಗಸು ಗಂಡನ ಹೆಸರನ್ನು ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದೇನೆ. ಅಥವಾ ಅಮ್ಮ ಹೇಳಿದ್ದನ್ನು ಕೇಳಿದ್ದೇನೆ.

ಉಳಿದದ್ದು ಕಂಡಕ್ಟರ್ ವಿಷಯ. ಮುಂದಿನದನ್ನು ಸರಿ ಮಾಡಬಹುದಿತ್ತು. ಹಿಂದಿನದಕ್ಕೆ ಪುರೋಹಿತರು ಒಂದು ಸಂಜೆ ಅಡುಗೆಮನೆಯ ಹತ್ತಿರ ಮತ್ತೆ ನನ್ನನ್ನೇ ಕೇಳಿದರು.

“ಇನ್ನೊಂದು ಸಲ ಯೋಚನೆ ಮಾಡಿ ಹೇಳಿ, ಸ್ವಾಮಿ. ಅವತ್ತು ಘಾಟಿನಲ್ಲಿ. ಅವರ ತಂದೆ ಹೆಸರಾ, ಅಮುಕವಾ?”

“ಬಿಡ್ರಿ ಅತ್ಲಾಗೆ,” ಎಂದರು ಅಮ್ಮ. “ಫೋನ್ ಮಾಡಿ ಏನಂತ ಹೇಳ್ತೀರಿ? ನಿಮ್ಮಪ್ಪನ ಹೆಸರು ಹೇಳಿದ್ನೋ ಇಲ್ವೋ ಗೊತ್ತಿಲ್ಲ, ಸಂಶಯ ಬಂದಿದೆ, ಇನ್ನೊಂದು ಸಲ ರೈಲು ಹತ್ತಿ ಅಂತಲಾ?”

“ಸಂಶಯ ಅಂತ ಹೇಳಲ್ಲ. ಇವರು ಕೇಳಿದ್ದಾರೆ. ಇವರು ಹೇಳಿದ ಹಾಗೆ ಮಾಡ್ತೀನಿ.”

ಇಬ್ಬರೂ ನನ್ನ ಕಡೆ ನೋಡಿದರು.

ಇಲ್ಲಿ ನನ್ನ ಹತ್ತಿರ ಎರಡು ಉತ್ತರಗಳಿವೆ. ಒಂದರಲ್ಲಿ ನಾನು ಚಹಾದ ಅಂಗಡಿಯ ಮುಂದೆ ನಿಂತಿದ್ದೇನೆ, ಕೈಯಲ್ಲಿ ಬಿಸಿ ಕುಡಿಕೆ ಇದೆ, “ಹೆಸರು ಬಂತು ಶಾಸ್ತ್ರಿಗಳೇ” ಎನ್ನುತ್ತಿದ್ದೇನೆ. ಇನ್ನೊಂದರಲ್ಲಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದೇನೆ, ಅಮ್ಮ ಒಲೆಯ ಹತ್ತಿರ ಇದ್ದಾರೆ, “ನನಗೆ ಕೇಳಿಸಿದ್ದು ಅಮುಕ ಅಂತ” ಎನ್ನುತ್ತಿದ್ದೇನೆ. ಪ್ರಶ್ನೆ ಎರಡೂ ಕಡೆ ಒಂದೇ, ಎರಡು ಉತ್ತರಗಳೂ ನಿಜವಾಗಿರಲಾರವು, ಎರಡೂ ಒಂದೇ ಕೇಳುವಿಕೆಯಿಂದ ಬಂದಿರಲಾರವು. ಎರಡೂ ಅಷ್ಟೇ ಸ್ಪಷ್ಟ. ಆಸ್ಪತ್ರೆಯ ಕೋಣೆಯಲ್ಲಿ ಕೇಳಿದ್ದನ್ನು ಘಾಟಿನಲ್ಲಿ ಕೇಳಿದಂತೆ ಮಾಡಿಕೊಂಡೆನೋ, ಘಾಟಿನಲ್ಲಿ ಕೇಳಿದ್ದರಿಂದಲೇ ಕೋಣೆಯಲ್ಲಿ ಆ ಪದಕ್ಕಾಗಿ ಕಾದು ಕೂತಿದ್ದೆನೋ, ಹೇಳುವ ಯಂತ್ರ ಯಾವುದೂ ನನಗೆ ಅಂಟಿಸಿರಲಿಲ್ಲ.

ಆಮೇಲೆ ಬಂದ ಚಳಿಗಾಲ ಮುಗಿಯುವ ಮುಂಚೆ ನನ್ನ ಕೆಲಸದ ಅವಧಿ ಮುಗಿಯಿತು, ಕಾಶಿ ಬಿಟ್ಟೆ. ಹೊರಡುವ ದಿನ ಪುರೋಹಿತರು ಗಲ್ಲಿಯ ಬಾಯವರೆಗೆ ಬಂದರು. ಗೂಳಿ ಅಲ್ಲೇ ಮಲಗಿತ್ತು. ಅವರು ಅದರ ಬೆನ್ನು ತಟ್ಟಿ, ನನ್ನ ಕಡೆ ನೋಡಿ, ಕಂಡಕ್ಟರ್ ಬಗ್ಗೆ ಒಂದು ಮಾತೂ ಎತ್ತದೆ, ಸ್ಟೇಷನ್ನಿನಲ್ಲಿ ಯಾರಿಗೂ ಊರು ಹೇಳಬೇಡಿ ಎಂದರು.

ಅವರು ಫೋನ್ ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಕಂಡಕ್ಟರ್ ಮತ್ತೆ ಬಂದರೋ ಗೊತ್ತಿಲ್ಲ. ಆ ಬೆಳಗ್ಗೆ ಅವರು ತಂದೆಯ ಹೆಸರು ಹೇಳಿದರೋ, ಅಮುಕ ಎಂದರೋ, ಅದೂ ನನಗೆ ಗೊತ್ತಿಲ್ಲ.